ಅತ್ತಿಗೆಯ ಸಿಟ್ಟಿಗೆ ಕಡಲೆಕಾಳಿನಷ್ಟು ಕಾರಣ

ನಮ್ಮ ಅತ್ತಿಗೆ ಒಂದು ಸೋಮವಾರ ಬೆಳಿಗ್ಗೆ ಲೋಕಲ್ ರೈಲೊಂದನ್ನು ಹನ್ನೊಂದು ನಿಮಿಷ ಸಿಗ್ನಲ್ಲಿನಲ್ಲಿ ನಿಲ್ಲಿಸಿಬಿಟ್ಟರು.

ಚೆನ್ನೈನಲ್ಲಿ ಬೆಳಗಿನ ಏಳೂಕಾಲಿಗೆ ಹನ್ನೊಂದು ನಿಮಿಷ ಅಂದರೆ ಏನು ಗೊತ್ತಾ? ಮೀನಿನ ಬುಟ್ಟಿ, ಹೂವಿನ ಚೀಲ, ಆಫೀಸಿನ ಟಿಫಿನ್ ಡಬ್ಬಿ ಎಲ್ಲವೂ ಒಂದೇ ಬೋಗಿಯಲ್ಲಿ ಒಟ್ಟಿಗೆ ಬೆವರುವ ಹೊತ್ತು. ಬಾಗಿಲಲ್ಲಿ ನೇತಾಡುತ್ತಿದ್ದವರು ಧುಮುಕಿ ಹಳಿಯ ಮೇಲೆ ನಡೆಯಲು ಶುರು ಮಾಡುವ ಹೊತ್ತು. ಯಾರೂ ಯಾರನ್ನೂ ಕ್ಷಮಿಸದ ಹೊತ್ತು.

ಅತ್ತಿಗೆಯ ಹೆಸರು ಗಿರಿಜಾ. ನನ್ನ ಅಣ್ಣನ ಹೆಂಡತಿ. ರಾಯಪುರಂ ಕಡೆಯ ಒಂದು ಪುಟ್ಟ ಸ್ಟೇಷನ್ನಿನಲ್ಲಿ (ಹೆಸರು ಬೇಡ, ಅಲ್ಲಿಯವರು ನನಗೆ ಟೀ ಕೊಡುವುದನ್ನು ನಿಲ್ಲಿಸಿಯಾರು) ಸ್ಟೇಷನ್ ಮಾಸ್ಟರ್. ವಯಸ್ಸು ನಲವತ್ತೆಂಟು. ಇಪ್ಪತ್ತೆರಡು ವರ್ಷದ ಸರ್ವಿಸ್. ಒಂದೇ ಒಂದು ಮೆಮೊ ಇಲ್ಲ. ಮನೆಯ ಗಡಿಯಾರ ಕೆಟ್ಟರೆ ನಾವು ಅತ್ತಿಗೆಯ ಓಡಾಟ ನೋಡಿ ಟೈಮ್ ಹೇಳುತ್ತಿದ್ದೆವು.

ಅಂಥವರು ಆವತ್ತು ಸಿಗ್ನಲ್ ಬಿಡುವ ಪ್ಯಾನೆಲ್ ಮುಂದೆ ಕೂತು ಗುಂಡಿ ಒತ್ತಲಿಲ್ಲ. ಹಿಂದಿನ ಸ್ಟೇಷನ್ನಿನವರು ಫೋನ್ ಮಾಡಿದರೆ "ಎಸ್, ಎಸ್" ಎನ್ನುತ್ತಾರೆ, ಫೋನ್ ಇಡುತ್ತಾರೆ, ಮತ್ತೆ ಸುಮ್ಮನೆ ಕೂರುತ್ತಾರೆ. ರೈಲ್ವೆಯ ವ್ಯವಸ್ಥೆ ದೊಡ್ಡದು ಮಾರಾಯ್ರೆ. ಮಾಸ್ಟರ್ ಏನೂ ಮಾಡದಿದ್ದರೆ ಸಿಗ್ನಲ್ ತಾನಾಗಿ ಕೆಂಪಾಗಿಯೇ ಇರುತ್ತದೆ. ಅದರಿಂದಲೇ ಆವತ್ತು ಯಾರಿಗೂ ಏನೂ ಆಗಲಿಲ್ಲ.

ಪಾಯಿಂಟ್ಸ್‌ಮನ್ ಸೆಲ್ವಂ ಒಳಗೆ ಓಡಿ ಬಂದರು. ಹಳಿ, ಬಾವುಟ, ಓಡಾಟದ ಕೆಲಸವೆಲ್ಲ ಅವರದು. ಅತ್ತಿಗೆಗಿಂತ ಐದು ವರ್ಷ ದೊಡ್ಡವರು, ಮಿತಭಾಷಿ.

"ಮೇಡಂ, ವಂಡಿ ಸಿಗ್ನಲ್‌ಲ ನಿಕ್ಕುದು!" ಗಾಡಿ ಸಿಗ್ನಲ್ಲಿನಲ್ಲಿ ನಿಂತಿದೆ ಎಂದು ಕೂಗಿದ್ದಾರೆ.

ಅತ್ತಿಗೆ ತಿರುಗಿ ನೋಡಿ ಅಚ್ಚಗನ್ನಡದಲ್ಲಿ ಬೈದರಂತೆ. "ಹೋಗಾಚೆ! ಎಲ್ಲಾರೂ ನನ್ನ ತಲೆ ಮೇಲೇ ಕೂತ್ಕೊಳ್ಳಿ!" ಎಂದು. ಚೆನ್ನೈನಲ್ಲಿ ಹುಟ್ಟಿ, ಚೆನ್ನೈನಲ್ಲಿ ಓದಿ, ಸ್ಟೇಷನ್ನಿನಲ್ಲಿ ತಮಿಳು ಬಿಟ್ಟು ಬೇರೆ ಮಾತೇ ಆಡದ ಹೆಂಗಸು! ಸೆಲ್ವಂಗೆ ಒಂದು ಪದ ಅರ್ಥವಾಗಲಿಲ್ಲ (ಕೇಳಿಸಿದ ಹಾಗೇ ಆಮೇಲೆ ನಮಗೆ ಒಪ್ಪಿಸಿದರು). ಆದರೆ ಅವರು ನೋಡಿದ್ದು ಬೈಗುಳವನ್ನಲ್ಲ. ಫ್ಯಾನ್ ಕೆಳಗೆ ಕೂತವರ ಸೀರೆ ಬೆನ್ನಿಗೆ ಅಂಟಿಕೊಂಡಿದ್ದನ್ನು ನೋಡಿದರು. ಪೆನ್ನು ಹಿಡಿದ ಕೈ ನಡುಗುತ್ತಿದ್ದುದನ್ನು ನೋಡಿದರು. ತಮಗೆಂದು ತರಿಸಿಟ್ಟಿದ್ದ ಟೀಗೆ ನಾಲ್ಕು ಚಮಚ ಸಕ್ಕರೆ ಸುರಿದು, ಪಕ್ಕದಲ್ಲೇ ನಿಂತು, ಗದರಿಸಿ ಕುಡಿಸಿದರು.

ಸ್ವಲ್ಪ ಹೊತ್ತಿಗೆ ಅತ್ತಿಗೆ ಕಣ್ಣು ಮಿಟುಕಿಸಿ ಪ್ಯಾನೆಲ್ ನೋಡಿದರು. ಗುಂಡಿ ಒತ್ತಿದರು. ರೈಲು ಬಂತು, ಹೋಯಿತು. ಆಮೇಲೆ ಕೇಳಿದರು: "ಸೆಲ್ವಂ, ಈ ಗಾಡಿ ಯಾಕೆ ಲೇಟು?"

ಅದನ್ನು ಕೇಳಿದ ಮೇಲೆಯೇ ಸೆಲ್ವಂಗೆ ನಿಜವಾಗಿ ಭಯವಾದದ್ದು.

ರೈಲು ನಿಂತರೆ ಕಾರಣ ಬರೆಯಬೇಕು. ಅತ್ತಿಗೆ ಬರೆದದ್ದು ಒಂದೇ ಸಾಲು: "ಕಾರಣ ನನಗೆ ಗೊತ್ತಿಲ್ಲ." ಬೇರೆಯವರಾಗಿದ್ದರೆ ಸಿಗ್ನಲ್ ಮೇಲೋ ಫೋನ್ ಮೇಲೋ ಹಾಕಿ ಪಾರಾಗುತ್ತಿದ್ದರೋ ಏನೋ. ಮೇಲಿನವರು ಬಂದರು. ನಿಯಮದಂತೆ ಮೆಷಿನ್ನಿಗೆ ಊದಿಸಿದರು. ಲಿಂಗಪೂಜೆ ಮಾಡದೆ ನೀರು ಕುಡಿಯದ ನಮ್ಮ ಅತ್ತಿಗೆ ಕುಡಿದಿದ್ದಾರಾ ಎಂದು ನೋಡಲು! ಸೊನ್ನೆ ಬಂತು. ವೈದ್ಯರು ಫಿಟ್ ಎನ್ನುವವರೆಗೆ ಪ್ಯಾನೆಲ್ ಮುಂದೆ ಕೂರುವಂತಿಲ್ಲ ಎಂದು ಮನೆಗೆ ಕಳಿಸಿದರು. ತಪ್ಪೇನಿಲ್ಲ, ಆ ರೈಲಿನಲ್ಲಿ ನನ್ನ ಮಗಳಿದ್ದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ.

ಆದರೆ ಅತ್ತಿಗೆಗೆ ಆ ಕುರ್ಚಿಯೆಂದರೆ ಪ್ರಾಣ. ಪ್ಯಾನೆಲ್‌ನಿಂದ ಎಬ್ಬಿಸಿ ಯಾವುದೋ ಫೈಲಿನ ಹಿಂದೆ ಕೂರಿಸಿಬಿಟ್ಟರೆ?

ಇಲ್ಲಿ ನಿಲ್ಲಿಸಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಹಳೆಯ ಓದುಗರಿಗೆ ನೆನಪಿರಬಹುದು, ಎರಡು ವರ್ಷದ ಹಿಂದೆ ಇದೇ ಪತ್ರಿಕೆಯ ಇದೇ ಜಾಗದಲ್ಲಿ ನಾನು "ಸೋಮವಾರದ ಅತ್ತಿಗೆ" ಎಂಬ ಲೇಖನ ಬರೆದಿದ್ದೆ. ನಮ್ಮ ಅತ್ತಿಗೆಗೆ ಸೋಮವಾರ ಒಪ್ಪತ್ತು. ವಾರದ ರಜೆಯೂ ಅವತ್ತೇ. ಬೆಳಿಗ್ಗೆ ಅವರ ಹತ್ತಿರ ಯಾರೂ ಸುಳಿಯುವಂತಿಲ್ಲ, ಕೇಳಿದ್ದಕ್ಕೆ ಸಿಡಿಮಿಡಿ, ಸುಮ್ಮನೆ ಕೂತರೂ ಬೆವರು, ಲೋಟ ಹಿಡಿದರೆ ನಡುಕ, ಇಟ್ಟದ್ದು ಇಟ್ಟಲ್ಲೇ ಮರೆವು. ಹನ್ನೊಂದು ಗಂಟೆಗೆ ಪೂಜೆ ಮುಗಿದು ಎರಡು ಬಾಳೆಹಣ್ಣು ಹೊಟ್ಟೆಗೆ ಬಿದ್ದರೆ ಮತ್ತೆ ಸಾಕ್ಷಾತ್ ಗೌರಮ್ಮ. "ಶಿವನಿಗಿಂತ ಬಾಳೆಹಣ್ಣು ಬೇಗ ಒಲಿಯುತ್ತದೆ" ಎಂದು ಬರೆದಿದ್ದೆ.

ಪುರಸೈವಾಕ್ಕಂ ಪ್ರಸಂಗವೂ ಅದರಲ್ಲಿತ್ತು. ಮದುವೆ ಸೀರೆ ತೆಗೆಯಲು ಅಲ್ಲಿಯ ಜವಳಿ ಅಂಗಡಿಗೆ ಹೋಗಿದ್ದೆವು. ತಿಂಡಿ ತಿನ್ನದೆ ಹೊರಟಿದ್ದೆವು. ಮೂರನೆಯ ಮಹಡಿಯಲ್ಲಿ ಅತ್ತಿಗೆ ಇದ್ದಕ್ಕಿದ್ದಂತೆ ಸ್ಟೂಲಿನ ಮೇಲೆ ಕೂತು, ಒಂದೇ ಸೀರೆಯನ್ನು ಏಳು ಸಲ ಮಡಿಚಿ ಬಿಚ್ಚಿ, ಅತ್ತುಬಿಟ್ಟರು. ಅಂಗಡಿಯವನು ಗಾಬರಿಯಾಗಿ ಕೂಲ್ ಡ್ರಿಂಕ್ ಕೊಟ್ಟ. ಹದಿನೈದು ನಿಮಿಷಕ್ಕೆ ಅತ್ತಿಗೆ ಎದ್ದು ನಿಂತು ಅದೇ ಸೀರೆಗೆ ಅವನೂ ಅಳುವ ಹಾಗೆ ಚೌಕಾಶಿ ಮಾಡಿದರು. "ಕಣ್ಣೀರಿನಿಂದ ರೇಟು ಇಳಿಸುವ ಕಲೆ" ಎಂದು ನಾನು ಬರೆದೆ. ಎಷ್ಟು ಜನ ಫೋನ್ ಮಾಡಿ ನಕ್ಕರು! ಅತ್ತಿಗೆಯೂ ಓದಿ ನಕ್ಕರು. ನಕ್ಕರು ಎಂದೇ ನಾನು ನಂಬಿದ್ದೆ.

ಆಮೇಲಿನ ಎರಡು ವರ್ಷದಲ್ಲಿ ಅತ್ತಿಗೆ ಒಂಬತ್ತು ಕೆಜಿ ದಪ್ಪಗಾದರು. ಹ್ಯಾಂಡ್‌ಬ್ಯಾಗಿನಲ್ಲಿ ಬಿಸ್ಕೆಟ್, ಕಡಲೆಮಿಠಾಯಿ, ಡ್ಯೂಟಿಯ ಡ್ರಾಯರಿನಲ್ಲಿ ಬೆಲ್ಲದ ಅಚ್ಚು. "ತಿನ್ನದಿದ್ರೆ ಕೈ ನಡುಗುತ್ತೆ ಕಣೆ" ಎನ್ನುತ್ತಿದ್ದರು. "ತಿಂದು ತಿಂದು ನಡುಗುತ್ತೆ" ಎಂದು ನಾವು ನಗುತ್ತಿದ್ದೆವು.

ಡಾಕ್ಟರ್‌ಗೆ ತೋರಿಸಲಿಲ್ಲವೇ? ತೋರಿಸಿದೆವಲ್ಲ! ಒಬ್ಬರು ಈ ವಯಸ್ಸಿನ ಹೆಂಗಸರಿಗೆ ಹೀಗೇ ಎಂದರು. ಇನ್ನೊಬ್ಬರು ಟೆನ್ಷನ್ ಎಂದು ನಿದ್ದೆ ಬರುವ ಮಾತ್ರೆ ಬರೆದರು. ಥೈರಾಯ್ಡ್ ನಾರ್ಮಲ್, ಬಿಪಿ ನಾರ್ಮಲ್, ಇಸಿಜಿ ನಾರ್ಮಲ್. ರಿಪೋರ್ಟುಗಳೆಲ್ಲ ನಾರ್ಮಲ್ ಆದ ಮೇಲೆ ಉಳಿಯುವುದೇನು? ಮನುಷ್ಯನ ಸ್ವಭಾವ ತಾನೆ? ಅವರ ಜೊತೆಗೇ ಇರುವ ನಮ್ಮಮ್ಮ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅಣ್ಣ ಒಂದು ಬ್ಯಾಂಕಿನಲ್ಲಿ ಮ್ಯಾನೇಜರ್, ಮನೆಯಲ್ಲಿ ಮೌನಿ. ಅವನು ಸೋಮವಾರ ಬೇಗ ಆಫೀಸಿಗೆ ಹೋಗುವುದನ್ನು ರೂಢಿ ಮಾಡಿಕೊಂಡ.

ರೈಲು ನಿಂತ ಆ ಸೋಮವಾರ, ಸಹೋದ್ಯೋಗಿಯೊಬ್ಬರಿಗೆ ರಜೆ ಬೇಕಾಗಿತ್ತು. ಅತ್ತಿಗೆ ತಮ್ಮ ರಜೆ ಬಿಟ್ಟುಕೊಟ್ಟು, ಉಪವಾಸದಲ್ಲೇ ಆರು ಗಂಟೆಯ ಡ್ಯೂಟಿಗೆ ಹೋಗಿದ್ದರು. ಅಷ್ಟೇ ವ್ಯತ್ಯಾಸ.

ಮೂರನೆಯ ದಿನ ಸಂಜೆ ನಾನು ಅಣ್ಣನ ಮನೆಯಲ್ಲಿದ್ದಾಗ ಸೆಲ್ವಂ ಬಂದರು. ಅತ್ತಿಗೆ ಸ್ಟೇಷನ್ನಿನಲ್ಲಿ ಬಿಟ್ಟುಬಂದಿದ್ದ ಟಿಫಿನ್ ಕ್ಯಾರಿಯರ್ ಒಂದು ಕೈಯಲ್ಲಿ, ಕೋಯಂಬೇಡು ಮಾರ್ಕೆಟ್ಟಿನಲ್ಲಿ ಕೊಂಡ ಸಾತುಕುಡಿ (ನಮ್ಮ ಮೋಸಂಬಿ) ಹಣ್ಣಿನ ಚೀಲ ಇನ್ನೊಂದು ಕೈಯಲ್ಲಿ. ಅತ್ತಿಗೆ ರೂಮಿನಿಂದ ಹೊರಗೆ ಬರಲೇ ಇಲ್ಲ. ಸೋಫಾದ ತುದಿಯಲ್ಲಿ ಕೂತ ಸೆಲ್ವಂ ನನಗೂ ಅಮ್ಮನಿಗೂ ತಮಿಳಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು:

"ನನ್ನ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತಮ್ಮ. ಇನ್ಸುಲಿನ್ ಚುಚ್ಚಿಕೊಂಡು ಊಟ ಮರೆತರೆ ಮೈಯೆಲ್ಲ ಬೆವರು, ಕೈ ನಡುಕ, ಬಾಯಿಗೆ ಬಂದ ಹಾಗೆ ಮಾತು. ಸಕ್ಕರೆ ನೀರು ಕುಡಿಸಿದರೆ ಸರಿಹೋಗುತ್ತಿದ್ದರು. ಆಮೇಲೆ ಕೇಳಿದರೆ ಏನೂ ನೆನಪಿಲ್ಲ. ಮೇಡಂ ಮುಖ ಆವತ್ತು ನಮ್ಮಪ್ಪನ ಮುಖದ ಹಾಗೇ ಇತ್ತು. ಮೇಡಂಗೆ ಶುಗರ್ ಇದೆಯಾ?"

"ಇಲ್ಲಪ್ಪ, ಶುಗರ್ ಇರೋದು ನನಗೆ," ಎಂದರು ಅಮ್ಮ. "ಅವಳಿಗೇನೂ ಇಲ್ಲ. ಮಾತ್ರೆನೂ ಇಲ್ಲ, ಇಂಜೆಕ್ಷನ್ನೂ ಇಲ್ಲ."

"ಗೊತ್ತಿಲ್ಲಮ್ಮ. ನಾನು ಓದಿದವನಲ್ಲ. ನೋಡಿದ್ದನ್ನು ಹೇಳಿದೆ." ಕಾಫಿ ಕುಡಿದು ಎದ್ದು ಹೋದರು.

ಓದಿದವರು ಅಲ್ಲಿ ಯಾರಿದ್ದರು ಹೇಳಿ? ಇನ್ಶೂರೆನ್ಸ್ ಆಫೀಸಿನಲ್ಲಿ ದಿನಾ ಹತ್ತಾರು ಜನರ ಕಾಯಿಲೆಯ ಕಾಗದ ಓದುವ ನಾನು. ಅಮ್ಮನ ಶುಗರ್ ನೋಡುವ ಮೆಷಿನ್ ಟಿವಿ ಪಕ್ಕದಲ್ಲೇ ಇತ್ತು. ಏಳು ವರ್ಷದಿಂದ ಇತ್ತು. ಅಮ್ಮನ ಬೆರಳು ಬಿಟ್ಟು ಇನ್ನೊಂದು ಬೆರಳನ್ನು ಅದು ಕಂಡಿರಲಿಲ್ಲ.

ಎರಡು ದಿನ ಕಳೆದು ಬೆಳಿಗ್ಗೆ ಆರೂವರೆಗೆ ಅಣ್ಣನ ಮಗಳು ದೀಪಾ ಫೋನ್ ಮಾಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. "ಅತ್ತೆ, ಅಮ್ಮಾ ಒರು ಮಾದಿರಿ ಇರುಕ್ಕಾಂಗ. ಸೀಕ್ರಂ ವಾಂಗ!" ಅಮ್ಮ ಒಂಥರಾ ಇದ್ದಾಳೆ, ಬೇಗ ಬನ್ನಿ ಅಂತ. ನನ್ನ ಮನೆ ಎರಡೇ ಬೀದಿಯಾಚೆ. ನೈಟಿಯ ಮೇಲೊಂದು ದುಪಟ್ಟಾ ಎಳೆದುಕೊಂಡು ಓಡಿದೆ.

ಅತ್ತಿಗೆ ಅಡುಗೆಮನೆಯಲ್ಲಿ ನಿಂತು ಕಾಫಿ ಫಿಲ್ಟರಿಗೆ ರವೆ ತುಂಬುತ್ತಿದ್ದರು. ಬಹಳ ಶ್ರದ್ಧೆಯಿಂದ. ಹಣೆಯಿಂದ ಬೆವರು ಇಳಿಯುತ್ತಿತ್ತು. ಅಣ್ಣ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದ.

"ಅತ್ತಿಗೆ, ಕೈ ಕೊಡಿ."

"ಯಾಕೆ? ನಿನಗೂ ಕೊಡ್ಬೇಕಾ?" ಎಂದರು. ಕಣ್ಣು ನನ್ನ ಮೇಲಿತ್ತು, ನೋಟ ಇರಲಿಲ್ಲ.

ದೀಪಾ ಕೈ ಹಿಡಿದುಕೊಂಡಳು, ನಾನು ಚುಚ್ಚಿದೆ. ಮೆಷಿನ್ ಐದು ಎಣಿಸಿ ಸಂಖ್ಯೆ ತೋರಿಸಿತು. ನಲವತ್ತೊಂದು. ಎಪ್ಪತ್ತರ ಕೆಳಗೆ ಇಳಿಯಬಾರದ್ದು.

"ಮೆಷಿನ್ ಕೆಟ್ಟಿದೆ," ಎಂದ ಅಣ್ಣ. "ನನಗೆ ಚುಚ್ಚು," ಎಂದು ಅಮ್ಮ ಬೆರಳು ಮುಂದೆ ಮಾಡಿದರು. ನೂರಾ ನಲವತ್ತೆಂಟು. ಮೆಷಿನ್ ಕೆಟ್ಟಿರಲಿಲ್ಲ. ಅತ್ತಿಗೆಗೆ ಪ್ರಜ್ಞೆ ಇತ್ತು, ನುಂಗುತ್ತಿದ್ದರು. ಹಾಗಾಗಿ ಒಂದು ಲೋಟ ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದೆವು. ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿದರೆ ಎಂಬತ್ತಾರು. ಅತ್ತಿಗೆ ಫಿಲ್ಟರ್ ನೋಡಿ, "ಇದರಲ್ಲಿ ರವೆ ಯಾರು ಹಾಕಿದ್ದು?" ಎಂದು ಕೇಳಿದರು.

ಅಣ್ಣ ಮೂರು ಸಂಖ್ಯೆಯನ್ನೂ ಪೇಪರಿನ ಅಂಚಿನಲ್ಲಿ ಟೈಮ್ ಸಮೇತ ಬರೆದುಕೊಂಡ. ಅವನು ಆ ದಿನ ಆಫೀಸಿಗೆ ಹೋಗಲಿಲ್ಲ.

ಹಾರ್ಮೋನ್ ಕಾಯಿಲೆಗಳ ಡಾಕ್ಟರಮ್ಮ ಒಬ್ಬರು ಸಿಕ್ಕರು. ಬೆಳ್ಳಿಗೂದಲು, ನಿಧಾನದ ಮಾತು. ಪೇಪರಿನ ಅಂಚನ್ನು ಓದಿ ಕನ್ನಡಕ ತೆಗೆದರು. "ಲಕ್ಷಣ ಇದ್ದಾಗ ಶುಗರ್ ಕಡಿಮೆ ಇತ್ತು. ಸಕ್ಕರೆ ಕೊಟ್ಟಾಗ ಲಕ್ಷಣ ಹೋಯಿತು. ಮೂರೂ ಒಟ್ಟಿಗೆ ಸಿಕ್ಕಿದೆ. ಇದನ್ನು ಮೊದಲೇ ಯಾರೂ ನೋಡಲಿಲ್ಲವಾ?" ಎಂದರು. ಆಮೇಲೆ, "ಯಾವಾಗಿನಿಂದ ಹೀಗೆ?"

ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆರು ತಿಂಗಳು ಎಂದ ಅಣ್ಣ. ಒಂದು ವರ್ಷ ಎಂದರು ಅತ್ತಿಗೆ. ಗೊತ್ತಿದ್ದವಳು ನಾನೊಬ್ಬಳೇ. ಮೊಬೈಲಿನಲ್ಲಿ ಹಳೆಯ ಅಂಕಣ ತೆಗೆದು, ತಲೆ ತಗ್ಗಿಸಿಕೊಂಡೇ ಇಂಗ್ಲಿಷಿನಲ್ಲಿ ಒಂದೊಂದೇ ಸಾಲು ಹೇಳಿದೆ. ಹಸಿದಾಗ ಸಿಡುಕು. ಮರೆವು. ಬೆವರು. ನಡುಕ. ಸುಮ್ಮಸುಮ್ಮನೆ ಅಳು. ಬಾಳೆಹಣ್ಣಿನ ನಂತರ ಗೌರಮ್ಮ. ಡಾಕ್ಟರಮ್ಮ ಬರೆದುಕೊಳ್ಳುತ್ತಾ ಹೋದರು. ಕೊನೆಗೆ ತಲೆ ಎತ್ತಿ, "ಬಹಳ ಚೆನ್ನಾಗಿ ಗಮನಿಸಿದ್ದೀರಿ. ನೀವು ನರ್ಸಾ?" ಎಂದು ಕೇಳಿದರು.

ಅಲ್ಲ ಮೇಡಂ, ನಾನು ಹಾಸ್ಯ ಬರೆಯುವವಳು.

ಡಾಕ್ಟರಮ್ಮ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಎಂಬುದಿದೆ. ಇಂಗ್ಲಿಷಿನವರು ಪ್ಯಾಂಕ್ರಿಯಾಸ್ ಎನ್ನುವುದು ಇದಕ್ಕೇ. ನಾವು ಉಂಡಾಗ ಅದು ಇನ್ಸುಲಿನ್ ಬಿಡುತ್ತದೆ, ಹಸಿದಾಗ ಕೈ ಬಿಗಿ ಹಿಡಿಯುತ್ತದೆ. ಬಹಳ ಅಪರೂಪಕ್ಕೆ ಅಲ್ಲೊಂದು ಪುಟ್ಟ ಗಂಟು ಬೆಳೆದು, ಉಂಡರೂ ಹಸಿದರೂ ತನ್ನ ಪಾಡಿಗೆ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಅದರ ಹೆಸರು ಇನ್ಸುಲಿನೋಮ. ರಕ್ತದ ಸಕ್ಕರೆ ಇಳಿಯುತ್ತದೆ. ಮೊದಲು ದೇಹ ಕೂಗಿಕೊಳ್ಳುತ್ತದೆ: ಬೆವರು, ನಡುಕ, ಎದೆ ಬಡಿತ, ತಡೆಯಲಾರದ ಹಸಿವು. ಆಮೇಲೆ ಮಿದುಳು ಸೋಲುತ್ತದೆ: ಮಬ್ಬು ಕಣ್ಣು, ತೊದಲು, ಗೊಂದಲ, ಸಿಟ್ಟು, ಮರೆವು. ಇನ್ನೂ ಬಿಟ್ಟರೆ ಫಿಟ್ಸ್, ಪ್ರಜ್ಞೆ ತಪ್ಪುವುದು. ತಿಂದರೆ ಸರಿಹೋಗುತ್ತದೆ, ಅದಕ್ಕೇ ರೋಗಿ ತಿನ್ನುತ್ತಾರೆ. ತಿಂದರೆ ದಪ್ಪಗಾಗುತ್ತಾರೆ. ದಪ್ಪಗಾದರೆ ನಾವು ನಗುತ್ತೇವೆ.

(ಕೊನೆಯ ವಾಕ್ಯ ಡಾಕ್ಟರಮ್ಮನದಲ್ಲ.)

"ಮನೆಯಲ್ಲಿ ಬೇರೆ ಯಾರಾದರೂ ಶುಗರ್ ಮಾತ್ರೆ ತಗೋತಾರಾ?" ಎಂದೂ ಕೇಳಿದರು. ಗೊತ್ತಿಲ್ಲದೆಯೋ ಗೊತ್ತಿದ್ದೋ ಆ ಮಾತ್ರೆ ನುಂಗಿದರೂ ಹೀಗಾಗುತ್ತದಂತೆ. ರಕ್ತದಲ್ಲಿ ಅದನ್ನೂ ಹುಡುಕಬೇಕು. ಮನೆಗೆ ಬಂದು ಇದನ್ನು ಹೇಳಿದ್ದೇ ತಡ, ಅಮ್ಮ ಸಿಡಿದರು.

"ಅಂದ್ರೆ? ನಾನು ಸೊಸೆಗೆ ಸಾರಲ್ಲಿ ಮಾತ್ರೆ ಕಲಸ್ತೀನಿ ಅಂತಾನಾ? ಟಿವಿ ಸೀರಿಯಲ್ಲಾ ಇದು?"

"ಅತ್ತೆ, ಎಲ್ಲಾರಿಗೂ ಕೇಳ್ತಾರಂತೆ. ರೂಲ್ಸು," ಎಂದರು ಅತ್ತಿಗೆ. ರೂಲ್ಸ್ ಎಂದರೆ ಅತ್ತಿಗೆಗೆ ಸಮಾಧಾನ. ಆ ಪರೀಕ್ಷೆ ಶುದ್ಧವಾಗಿ ಬಂದ ದಿನ ಅಮ್ಮ ಹೋಳಿಗೆ ಮಾಡಿದರು.

ಅದಕ್ಕಿಂತ ಕಷ್ಟದ ಪರೀಕ್ಷೆ ಮುಂದಿತ್ತು. ಆಸ್ಪತ್ರೆಯಲ್ಲಿ ಉಪವಾಸ. ನೀರು ಬಿಟ್ಟು ಏನೂ ಇಲ್ಲ, ಬೇಕಾದರೆ ಮೂರು ದಿನದವರೆಗೆ. ಶುಗರ್ ಬೀಳುವವರೆಗೆ ಕಾಯುವುದು, ಬಿದ್ದ ಕ್ಷಣಕ್ಕೆ ರಕ್ತ ತೆಗೆದು ಇನ್ಸುಲಿನ್ ಎಷ್ಟಿದೆ ಎಂದು ನೋಡುವುದು. ಇದನ್ನು ಮನೆಯಲ್ಲಿ ಯಾರೂ ಮಾಡಿ ನೋಡಬಾರದು ಎಂದು ಡಾಕ್ಟರಮ್ಮ ಬೆರಳೆತ್ತಿ ಹೇಳಿದರು. ನಾನೂ ನಿಮಗೆ ಬೆರಳೆತ್ತಿಯೇ ಹೇಳುತ್ತಿದ್ದೇನೆ.

ಹಿಂದಿನ ದಿನ ಊಟ ಮುಗಿಸಿ ಅಡ್ಮಿಟ್ ಆದರು. ಮರುದಿನ ಬೆಳಿಗ್ಗೆ ಎಂಟಕ್ಕೆ ನಾನು ಹೋದಾಗ ಅತ್ತಿಗೆ ಗೆಲುವಾಗಿಯೇ ಇದ್ದರು. ಮಂಚದ ಮೇಲೆ ಕೂತು ಬೀಚ್ ಸ್ಟೇಷನ್ನಿನಿಂದ ಹೊರಡುವ ಗಾಡಿಗಳ ಟೈಮ್ ಒಪ್ಪಿಸುತ್ತಿದ್ದರು, ನರ್ಸ್ ನಗುತ್ತಾ ಬಿಪಿ ನೋಡುತ್ತಿದ್ದಳು. ಅರ್ಧ ಗಂಟೆಗೊಮ್ಮೆ ಲೆಕ್ಕ ಕೇಳಬೇಕಿತ್ತು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ. ಅತ್ತಿಗೆಗೆ ಅದು ನೀರು ಕುಡಿದಷ್ಟು ಸಲೀಸು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು. ನಾನು ಅವರ ಹಿಂದೆ ಬೆರಳು ಮಡಿಚಿಕೊಂಡು ಲೆಕ್ಕ ಸರಿ ಇದೆಯಾ ಎಂದು ನೋಡುತ್ತಿದ್ದೆ.

ಹನ್ನೊಂದೂವರೆಗೆ ಕುತ್ತಿಗೆಯಲ್ಲಿ ಬೆವರು ಕಾಣಿಸಿತು. ನರ್ಸ್ ಕೇಳಿದಳು. "ತೊಂಬತ್ತಮೂರು," ಎಂದರು ಅತ್ತಿಗೆ. "ಎಂಬತ್ತಾರು. ಎಪ್ಪತ್ತೊಂಬತ್ತು." ಕಿಟಕಿ ನೋಡಿದರು. "ಎಪ್ಪತ್ತೊಂಬತ್ತು." ಮತ್ತೆ, "ಎಪ್ಪತ್ತೊಂಬತ್ತು."

ನನ್ನ ಕೈಯಲ್ಲಿ ಗ್ಲೂಕೋಸ್ ಪ್ಯಾಕೆಟ್ ಇತ್ತು. ಎದ್ದು ನಿಂತೆ. ನರ್ಸ್ ಅಡ್ಡ ಬಂದಳು. "ರಕ್ತ ತೆಗೆಯೋವರೆಗೆ ಏನೂ ಕೊಡೋ ಹಾಗಿಲ್ಲಮ್ಮ. ಈಗ ಕೊಟ್ಟರೆ ಇಷ್ಟು ಹೊತ್ತಿನ ಕಷ್ಟವೆಲ್ಲ ವೇಸ್ಟ್." ಡಾಕ್ಟರಮ್ಮನಿಗೆ ಫೋನ್ ಹೋಯಿತು. ಸೂಜಿ ಬಂತು. ಇಷ್ಟೆಲ್ಲ ಆಗಿದ್ದು ನಾಲ್ಕೈದು ನಿಮಿಷವಿರಬಹುದು.

ಆ ನಾಲ್ಕೈದು ನಿಮಿಷದಲ್ಲಿ ಅತ್ತಿಗೆ ನನ್ನ ಕಡೆ ತಿರುಗಿದರು.

"ನೀನು ಬರೆದೆಯಲ್ಲ," ಎಂದರು. ನಾಲಿಗೆ ದಪ್ಪವಾಗಿತ್ತು. "ಎಲ್ಲಾರೂ ನಕ್ಕರು. ಸ್ಟೇಷನ್ನಿಗೆ ಕನ್ನಡ ಬರೋ ಯಾರೋ ಪೇಪರ್ ತಂದು ತಮಿಳಲ್ಲಿ ಓದಿ ಹೇಳಿದರು. ಬಾಳೆಹಣ್ಣು ತಂದು ಟೇಬಲ್ ಮೇಲಿಟ್ಟರು. ನಾನೂ ನಕ್ಕೆ. ನನಗೆ ಭಯ ಆಗ್ತಿತ್ತು ಸುಮಾ. ನನಗೇನಾಗ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ನೀನು ನಗಿಸಿದೆ."

ರಕ್ತ ತೆಗೆದದ್ದಾಯಿತು. ನರಕ್ಕೆ ಗ್ಲೂಕೋಸ್ ಏರಿಸಿದರು. ಐದು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬಂತು. "ಎಪ್ಪತ್ತೆರಡು," ಎಂದರು ತಟ್ಟನೆ, "ಅರವತ್ತೈದು. ಯಾಕೆ ಅಳ್ತಿದೀಯ?"

ಶುಗರ್ ಮೂವತ್ತೆಂಟಕ್ಕೆ ಇಳಿದಿತ್ತು. ಅಷ್ಟು ಕಡಿಮೆ ಇರುವಾಗ ಇನ್ಸುಲಿನ್ ಹೆಚ್ಚುಕಡಿಮೆ ಬತ್ತಿಹೋಗಿರಬೇಕು. ಅತ್ತಿಗೆಯ ರಕ್ತದಲ್ಲಿ ಅದು ಧಾರಾಳವಾಗಿತ್ತು. ಕಾಯಿಲೆ ಸಿಕ್ಕಿತು. ಗಂಟು ಎಲ್ಲಿ? ಸಿಟಿ ಸ್ಕ್ಯಾನ್ ಮಾಡಿದರು. ಏನೂ ಕಾಣಲಿಲ್ಲ. ಮತ್ತೆ ನಾರ್ಮಲ್! ಆ ಪದ ಕೇಳಿ ಅಣ್ಣ ತಲೆ ಮೇಲೆ ಕೈಹೊತ್ತು ಕೂತ. ಡಾಕ್ಟರಮ್ಮ ಮಾತ್ರ ಕದಲಲಿಲ್ಲ. "ರಕ್ತ ಸುಳ್ಳು ಹೇಳಲ್ಲ. ಸ್ಕ್ಯಾನಿಗೆ ಕಾಣದಷ್ಟು ಚಿಕ್ಕದಿದೆ, ಅಷ್ಟೇ. ಒಳಗಿನಿಂದ ನೋಡೋಣ." ಬಾಯಿಯ ಮೂಲಕ ಕೊಳವೆ ಇಳಿಸಿ, ಜಠರದ ಒಳಗಿನಿಂದಲೇ ಸ್ಕ್ಯಾನ್ ಮಾಡಿದರು. ಅಲ್ಲಿತ್ತು. ಗ್ರಂಥಿಯ ಬಾಲದ ತುದಿಯಲ್ಲಿ, ನೆನೆಸಿದ ಕಡಲೆಕಾಳಿನಷ್ಟು.

ಇಷ್ಟಕ್ಕೇ? ಒಂದು ರೈಲು, ಒಂದು ಸಂಸಾರ, ಒಂದು ಹೆಂಗಸಿನ ಮರ್ಯಾದೆ, ಇಷ್ಟನ್ನೂ ಅಲುಗಿಸಿದ್ದು ಇದೇನಾ?

ಇಂಥ ಗಂಟುಗಳು ಬಹುಪಾಲು ಕ್ಯಾನ್ಸರ್ ಅಲ್ಲ, ತೆಗೆದರೆ ಮುಗಿಯಿತು ಎಂದರು. ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು ಮಾಡಿ ತೆಗೆದರು. ಲ್ಯಾಬ್ ರಿಪೋರ್ಟೂ ಕ್ಯಾನ್ಸರ್ ಅಲ್ಲ ಎಂದೇ ಹೇಳಿತು. ಆಪರೇಷನ್ ಆದ ಮರುದಿನ ಅತ್ತಿಗೆಯ ಶುಗರ್ ನೂರಾ ತೊಂಬತ್ತು! ಇಷ್ಟು ದಿನ ಕೆಲಸವಿಲ್ಲದೆ ಮಲಗಿದ್ದ ಉಳಿದ ಗ್ರಂಥಿ ಎದ್ದೇಳಲು ನಾಲ್ಕು ದಿನ ಬೇಕಂತೆ. ಅಮ್ಮನಿಗೆ ಮಾತ್ರ ಒಳಗೊಳಗೇ ಖುಷಿ. "ಈಗ ಗೊತ್ತಾಯ್ತಾ ಗಿರಿಜಾ, ನನ್ನ ಕಷ್ಟ?" ಎಂದರು. ನಾಲ್ಕೈದು ದಿನಕ್ಕೆ ಅತ್ತಿಗೆ ನಾರ್ಮಲ್‌ಗೆ ಇಳಿದಾಗ ಅಮ್ಮ ಒಬ್ಬಂಟಿಯಾದರು.

ಮನೆಗೆ ಬಂದ ವಾರದಲ್ಲಿ ಒಂದು ಮಧ್ಯಾಹ್ನ, ಅವರಿಗೆ ಬಟ್ಟೆ ಮಡಿಚಿಕೊಡುತ್ತಾ ಹೇಳಿದೆ. ಉಪವಾಸದ ದಿನ ನೀವು ಹೀಗೆ ಹೀಗೆ ಅಂದಿರಿ, ಅಂತ. ಹೇಳದೆ ಇರಬಹುದಿತ್ತು. ಅವರಿಗೆ ನೆನಪೇ ಇರಲಿಲ್ಲ. ಆದರೆ ಒಬ್ಬರಿಗೆ ನೆನಪಿಲ್ಲ ಎಂದ ಮಾತ್ರಕ್ಕೆ ಇನ್ನೊಬ್ಬರು ತಪ್ಪಿಸಿಕೊಳ್ಳಬಹುದೇ?

ಅತ್ತಿಗೆ ಮಡಿಚಿದ್ದ ಸೀರೆಯೊಂದನ್ನು ಮಡಿಲಿಗೆ ಎಳೆದುಕೊಂಡರು.

"ಹೇಳಿಬಿಟ್ಟೆನಾ? ಒಳ್ಳೇದಾಯ್ತು ಬಿಡು. ಎಚ್ಚರದಲ್ಲಿ ಹೇಳೋ ಧೈರ್ಯ ನನಗಿರಲಿಲ್ಲ."

"ತಪ್ಪಾಯ್ತು ಅತ್ತಿಗೆ."

"ತಪ್ಪು ಅಂತ ನನ್ನ ಹತ್ರ ಹೇಳಿದ್ರೆ ಆಯ್ತಾ? ಅಷ್ಟು ಜನಕ್ಕೆ ಹೇಳಿ ನಗಿಸಿದೀಯ. ಅಷ್ಟೂ ಜನಕ್ಕೆ ಹೇಳು. ಬೆವರು ಬರ್ತಿದ್ದಿದ್ದು ಬರಿ. ತಿಂಡಿಗೆ ಮುಂಚೆ ತಲೆ ಮಂಕಾಗ್ತಿದ್ದಿದ್ದು ಬರಿ. ಸ್ವೀಟ್ ತಿಂದ್ರೆ ಸರಿಹೋಗ್ತಿದ್ದಿದ್ದು ಬರಿ. ರವೆ ಹಾಕಿದ್ದನ್ನೂ ಬರಿ, ಪರವಾಗಿಲ್ಲ. ಎಲ್ಲೋ ಇನ್ನೊಬ್ಬಳು ಇರ್ತಾಳೆ, ಅವಳ ನಾದಿನಿ ಓದ್ಲಿ."

ಬರೆದಿದ್ದೇನೆ. ಹೆಸರು ಮಾತ್ರ ಅತ್ತಿಗೆಯ ಒಪ್ಪಿಗೆಯ ಮೇಲೆ ಬದಲಾಯಿಸಿದ್ದೇನೆ.

ಮೂರು ತಿಂಗಳ ಮೇಲೆ ರೈಲ್ವೆಯ ವೈದ್ಯರು ಎಲ್ಲ ಪರೀಕ್ಷೆ ಮಾಡಿ ಫಿಟ್ ಎಂದು ಬರೆದರು. ಮೊದಲ ದಿನದ ಡ್ಯೂಟಿಗೆ ನಾನೂ ಜೊತೆಗೆ ಹೋಗಿದ್ದೆ (ಪ್ಲಾಟ್‌ಫಾರಂ ಟಿಕೆಟ್ ತಗೊಂಡೇ). ಅತ್ತಿಗೆ ಆರು ಕೆಜಿ ಇಳಿದಿದ್ದಾರೆ. ಸೆಲ್ವಂ ಬಾಗಿಲಲ್ಲಿ ನಿಂತಿದ್ದರು. ಅತ್ತಿಗೆ ಅವರ ಮುಂದೆ ಕೈ ಮುಗಿದರು. ಸೆಲ್ವಂ ಕಂಗಾಲಾಗಿ ಬಾವುಟ ಹಿಡಿದುಕೊಂಡು ಪ್ಲಾಟ್‌ಫಾರಮಿನ ಇನ್ನೊಂದು ತುದಿಗೆ ಹೊರಟೇಹೋದರು. ಏಳೂಕಾಲಿನ ಲೋಕಲ್ ಏಳೂಕಾಲಿಗೇ ಬಂತು.

ನಾಳೆಯಿಂದ ಎಲ್ಲರೂ ಬೆರಳು ಚುಚ್ಚಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಇದು ಅಪರೂಪದ ಕಾಯಿಲೆ. ಸಿಡುಕುವವರಿಗೆಲ್ಲ ಗಂಟಿರುವುದಿಲ್ಲ. ಕೆಲವರು ಬರೀ ಸಿಡುಕರೇ. (ನಮ್ಮ ಆಫೀಸಿನಲ್ಲಿ ಒಬ್ಬರಿದ್ದಾರೆ, ಊಟವಾದ ಮೇಲೂ ಸಿಡುಕುತ್ತಾರೆ. ಅವರಿಗೆ ಔಷಧಿಯಿಲ್ಲ.) ಆದರೆ ಹಸಿದಾಗ ಒಬ್ಬರು, ಉಂಡಾಗ ಇನ್ನೊಬ್ಬರು ಎಂಬಂಥ ಮನುಷ್ಯರು ನಿಮ್ಮ ಮನೆಯಲ್ಲಿದ್ದರೆ, ಬೆವರು, ನಡುಕ, ಗೊಂದಲ ಪದೇ ಪದೇ ಬಂದು ಸಿಹಿಯಿಂದ ಮಾಯವಾಗುತ್ತಿದ್ದರೆ, ನಗುವ ಮೊದಲು ಒಬ್ಬ ಡಾಕ್ಟರಿಗೆ ತೋರಿಸಿ. "ಈ ವಯಸ್ಸಿಗೆ ಹೀಗೇ" ಎಂದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಎರಡು ಬಾಳೆಹಣ್ಣಿಗೆ ಬದಲಾಗಿಬಿಡುವುದನ್ನು ನಾವು ಯಾವ ಧೈರ್ಯದ ಮೇಲೆ ಸ್ವಭಾವ ಎಂದು ಕರೆಯುತ್ತೇವೆ?